ತಿಳಿಯಾಗದ ನೀರು

ಮಾರೇಶ್ ಮೊಣಕೈವರೆಗೆ ಕೈ ಇಳಿಸಿದರೂ ತನ್ನ ಬೆರಳೇ ತನಗೆ ಕಾಣಲಿಲ್ಲ. ಹೊಸಪೇಟೆಯ ಈ ಲಾಡ್ಜಿನಲ್ಲಿ ಅವನು ಉಪ್ಪುನೀರಿನ ಮೀನುತೊಟ್ಟಿ ಕೂರಿಸಿ ಇದು ಮೂರನೇ ದಿನ. ಮರಳಿನ ಧೂಳಾಗಿದ್ದರೆ ಇಷ್ಟೊತ್ತಿಗೆ ತಳ ಸೇರಬೇಕಿತ್ತು. ಉಪ್ಪಿನ ಅಳತೆ ಸರಿಯಿತ್ತು. ಫಿಲ್ಟರನ್ನು ಎರಡು ಸಲ ತೊಳೆದು, ಅರ್ಧ ನೀರನ್ನೂ ಬದಲಿಸಿದ್ದ. ಆದರೂ ಬೆಳಿಗ್ಗೆ ಬಂದು ನೋಡಿದರೆ ನೀರು ನಿನ್ನೆಗಿಂತ ಬೆಳ್ಳಗೆ, ನಿನ್ನೆಗಿಂತ ಮಂದ. ಐದು ಮೀನುಗಳಲ್ಲಿ ಉಳಿದಿದ್ದವು ಎರಡೇ.

ಕೈ ಹೊರತೆಗೆದು ಮೂಸಿದ. ಹುಳಿ ನಾತ ಹೊಡೆಯಿತು. ಇದು ಮರಳಿನದಲ್ಲ, ಉಪ್ಪಿನದೂ ಅಲ್ಲ.

"ಸ್ವಲ್ಪ ಸರಿಯಪ್ಪ," ಎಂದರು ಬೆನ್ನ ಹಿಂದೆ ಬಂದು ನಿಂತ ದುರ್ಗಕ್ಕ. ಅವರು ಲಾಡ್ಜಿನ ಮಾಲೀಕರ ತಾಯಿ. ಆಗಷ್ಟೇ ತಲೆಸ್ನಾನ ಮುಗಿಸಿದ್ದ ಅವರ ಕೈಯಲ್ಲಿ ಹಿತ್ತಾಳೆಯ ತಂಬಿಗೆಯಿತ್ತು. "ಹೊಸಾ ನೀರು ತುಂಬಿದ ಮ್ಯಾಲ ಗಂಗವ್ವಗ ಮೂರು ದಿನ ಹಾಲು ಎರೀಬೇಕು. ಇವತ್ತು ಕಡೀ ದಿನ."

"ಬ್ಯಾಡ್ರಿ ಅಮ್ಮಾ, ನಿಲ್ರಿ!" ಎಂದು ಮಾರೇಶ್ ಕೂಗುವಷ್ಟರಲ್ಲಿ ಹಾಲಿನ ಧಾರೆ ನೀರಿಗೆ ಬಿದ್ದಾಗಿತ್ತು. ಆ ಬಿಳುಪಿನೊಳಗಿಂದ ಕಿತ್ತಳೆ ಬಣ್ಣದ ಎರಡು ಮೀನು ಮೆಲ್ಲಗೆ ಎದ್ದು ಬಂದು, ನೀರಿನ ಮೇಲಕ್ಕೆ ಬಾಯಿ ಚಾಚಿ ಉಸಿರಿಗಾಗಿ ಚಡಪಡಿಸತೊಡಗಿದವು. ದುರ್ಗಕ್ಕ ತಂಬಿಗೆಯನ್ನು ಕಂಕುಳಿಗೆ ಸಿಗಿಸಿಕೊಂಡು ಕೈಮುಗಿದರು. ಅವರ ಕಣ್ಣು ತುಂಬಿ ಬಂದಿತ್ತು.

"ನೋಡಪ್ಪ, ಹೆಂಗ ಬಾಯಿ ತೆರದು ಕುಡಿಯಾಕ ಹತ್ಯಾವ. ಪಾಪ, ಭಾಳ ಹಸದಾವು. ನಾಳೆನೂ ತರ್ತೀನಿ."