ಮುಚ್ಚಳವಿಲ್ಲದ ಲೋಟ

ಮಜ್ಜಿಗೆ ತುಂಬಿದ ಆರು ಸ್ಟೀಲಿನ ಲೋಟಗಳನ್ನು ಲಾಲಮ್ಮ ಪಂಚಾಯಿತಿಯ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಸಭೆಗೆ ಬಂದಿದ್ದ ಐದು ಜನ ಸದಸ್ಯರೂ ಅಜೆಂಡಾದ ಹಾಳೆಯನ್ನು ಹಿಂದೆಂದೂ ಇಲ್ಲದ ಆಸಕ್ತಿಯಿಂದ ಓದತೊಡಗಿದರು.

"ತಗೋರಿ, ಬಿಸಿಲು ಭಾಳ ಅದ," ಎಂದು ಸರೋಜಾ ಮೇಡಂ ತಮ್ಮ ಲೋಟವನ್ನು ಒಂದೇ ಗುಟುಕಿಗೆ ಅರ್ಧ ಮಾಡಿದರು. ಅವರು ಹೊಸ ಅಭಿವೃದ್ಧಿ ಅಧಿಕಾರಿ, ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಜನರಲ್ಲಿ ಬೊಜ್ಜು ಹೆಚ್ಚುತ್ತಿದೆ, ಇನ್ನು ಮುಂದೆ ಸರ್ಕಾರಿ ಸಭೆಗಳಲ್ಲಿ ಸಕ್ಕರೆ ಹಾಕಿದ ಪಾನೀಯ ಕೊಡಕೂಡದು, ನೀರು ಇಲ್ಲವೆ ಮಜ್ಜಿಗೆ ಕೊಡಬೇಕು ಎಂಬ ಸುತ್ತೋಲೆ ಬಂದದ್ದೇ ತಡ, ಅದನ್ನು ಗೋಡೆಗೆ ಅಂಟಿಸಿ, "ಯಾರ ಮನ್ಯಾಗ ಎಮ್ಮಿ ಅದ?" ಎಂದು ಕೇಳಿದ್ದರು. ಜವಾನ ಕೆಲಸದ ಲಾಲಮ್ಮ, "ನಮ್ಮ ಮನ್ಯಾಗ ಅದ್ರಿ," ಎಂದಿದ್ದಳು. ನಡೆದದ್ದು ಇಷ್ಟೇ.

ಅಧ್ಯಕ್ಷ ಶಾಂತಪ್ಪ ಒಣಗಿದ ಮೂಗನ್ನೇ ಒರೆಸಿಕೊಂಡ. "ನನಗ ನೆಗಡಿ ಆಗ್ಯಾದ್ರಿ ಮೇಡಂ, ಮಜ್ಜಿಗಿ ಆಗಿಬರಂಗಿಲ್ಲ. ಏ ಲಾಲಮ್ಮ, ಬಸ್‌ಸ್ಟ್ಯಾಂಡಿಗಿ ಹೋಗಿ ಐದು ಥಂಡಾ ಬಾಟ್ಲಿ ಹಿಡ್ಕೊಂಡು ಬಾ. ಐಸಿನ್ಯಾಗ ಇಟ್ಟಿದ್ದು ತಾ ಮತ್ತ."

"ನೆಗಡಿಗಿ ಐಸು ನಡೀತದೇನ್ರಿ ಸಾಹುಕಾರ್ರ?" ಮೇಡಂ ನಕ್ಕರು.

"ಹೊಟ್ಟಿ ನಂದು, ಬೊಜ್ಜು ನಂದು. ಸರಕಾರಕ್ಕೇನು ತ್ರಾಸು?"

ಪಕ್ಕದಲ್ಲಿದ್ದ ರೇವಣಸಿದ್ದ ತನ್ನ ಮುಂದಿನ ಲೋಟವನ್ನು ಪೆನ್ನಿನ ತುದಿಯಿಂದ ಆಚೆ ಸರಿಸಿದ. "ನಂದು ಸೋಮವಾರ ಒಪ್ಪತ್ತು."

"ಹೋದ ಸೋಮವಾರ ಶಹಾಪುರದಾಗ ಮಿರ್ಚಿ ಭಜಿ ನಡದಿತ್ತಲ್ರಿ," ಎಂದಳು ಲಾಲಮ್ಮ. "ಮಜ್ಜಿಗಿ ಯಾಕ ನಡಿಯಂಗಿಲ್ಲ?"

ಒಬ್ಬಿಬ್ಬರು ನಗಲು ಹೋಗಿ ತಡೆದುಕೊಂಡರು.

ಹನ್ನೊಂದು ವರ್ಷ ಈ ಕೋಣೆಗೆ ಬಾಟಲಿ ತಂದವಳು ಅವಳೇ. ತರುವುದು ಅವಳ ಕೆಲಸ, ಮುಚ್ಚಳ ತಿರುವುವುದು ಅವರವರ ಕೆಲಸ. ಮುಚ್ಚಳ ಬಿಗಿಯಾಗಿರುವ ತನಕ ಊರಾಚೆಯ ಅವಳ ಕೇರಿ ಭೀಮನಗರದ ಕೈ ಬಾಟಲಿಗೆ ತಾಗಿದರೂ ಒಳಗಿರುವುದಕ್ಕೆ ತಾಗುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಆಡುವ ಪ್ರಸಂಗ ಬಾರದಿರಲಿ ಎಂದೇ ಬಾಟಲಿ ಬರುತ್ತಿತ್ತು. ಅವಳ ಎಮ್ಮೆಯ ಹಾಲು ಡೈರಿಯ ಕ್ಯಾನಿಗೆ ಬಿದ್ದರೆ ಊರೆಲ್ಲ ಚಹಾ ಕಾಸಿ ಕುಡಿಯುತ್ತಿತ್ತು. ಅದೇ ಹಾಲು ಅವಳ ಮನೆಯ ಗಡಿಗೆಯಿಂದ ಬಂದರೆ ಒಬ್ಬನಿಗೆ ನೆಗಡಿ, ಒಬ್ಬನಿಗೆ ಒಪ್ಪತ್ತು. ಭೀಮನಗರದಿಂದ ಆರಿಸಿ ಬಂದ ತಾಯಪ್ಪನಂತೂ ಸಭೆಗೇ ಬರುತ್ತಿರಲಿಲ್ಲ. ಸಹಿಗೆಂದು ಪುಸ್ತಕವೇ ಅವನ ಮನೆ ಬಾಗಿಲಿಗೆ ಹೋಗುತ್ತಿತ್ತು. ಈ ಮೌನಕ್ಕೆ ಲಾಲಮ್ಮ ಎಷ್ಟು ಒಗ್ಗಿಹೋಗಿದ್ದಳೆಂದರೆ, ಎಷ್ಟೋ ಸಲ ಅದನ್ನೇ ಮರ್ಯಾದೆ ಎಂದು ತಿಳಿದದ್ದೂ ಉಂಟು.

ಶಾಂತಪ್ಪ ಅಜೆಂಡಾದ ಮೇಲೆ ಬೆರಳಿಟ್ಟ. "ನಾಲ್ಕನೇದು ಓದೀಯಿಲ್ಲೋ? ನಿನ್ನ ನೌಕರಿ ಕಾಯಂ ಮಾಡೂದು ಅದ. ಮೊದಲ ಥಂಡಾ ಬರ್ಲಿ. ಆಮ್ಯಾಲ ನಾಲ್ಕನೇದು ತಗೊಳ್ಳೂಣು."

ಅವಳು ಓದಿದ್ದಳು. ಆ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ತಂದವಳೇ ಅವಳು. ದಾರಿಯುದ್ದಕ್ಕೂ ಆ ನಾಲ್ಕನೆಯ ಸಾಲಿನ ಮೇಲೆ ಬೆರಳಾಡಿಸುತ್ತ ಬಂದಿದ್ದಳು. ಬಸ್‌ಸ್ಟ್ಯಾಂಡು ಇಲ್ಲಿಂದ ನೂರು ಹೆಜ್ಜೆ. ಹೋಗಿ ಬಂದರೆ ಮುಗಿಯಿತು. ಹೋಗಲು ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತ್ತು ಕೂಡ. ಅಷ್ಟರಲ್ಲಿ ಪೆನ್ನಿನ ತುದಿ ದೂಡಿದ ಆ ಲೋಟ ಕಣ್ಣಿಗೆ ಬಿತ್ತು. ಬೆಳಗಿನ ಜಾವ ಎದ್ದು ಹುಣಸೆಹಣ್ಣು ಹಚ್ಚಿ ಎರಡು ಸಲ ತಿಕ್ಕಿದ ಲೋಟ.

"ಹೋಗಂಗಿಲ್ರಿ," ಎಂದಳು.

"ಏನಂದಿ?"

"ಆರ್ಡರು ಗ್ವಾಡಿ ಮ್ಯಾಗ ಅದ. ನಾ ಹೆಂಗ ತರ್ಲಿ?"

"ಅದು ಮಂದಿ ದಪ್ಪ ಆಗಬಾರ್ದು ಅಂತ ಮಾಡಿದ ಆರ್ಡರು. ನೀ ಅದರ ಹಿಂದ ನಿಂತು ಆಟ ಆಡಬ್ಯಾಡ."

"ಆಟ ಯಾತರದ್ರಿ? ಕುಡೀರಿ. ಒಲ್ಲದಿದ್ರ ಯಾಕ ಒಲ್ಲೆ ಅಂತ ಬಾಯಿ ಬಿಟ್ಟು ಹೇಳ್ರಿ. ಮೇಡಮ್ನೋರು ಪುಸ್ತಕದಾಗ ಬರಕೋತಾರ."

"ನೌಕರಿ ಬ್ಯಾಡಾಗ್ಯಾದೇನು ನಿನಗ?"

"ಅದನ್ನೂ ಬರೀರಿ. ಮಜ್ಜಿಗಿ ತಂದಾಳಂತ ನೌಕರಿ ತಗದೀವಿ ಅಂತ."

ಸರೋಜಾ ಮೇಡಂ ಲಾಲಮ್ಮನ ಮುಖ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಐದು ಲೋಟಗಳನ್ನು ನೋಡಿದರು. ಅವರ ಮುಖದ ನಗು ಮೆಲ್ಲಗೆ ಆರಿತು. ನಡಾವಳಿ ಪುಸ್ತಕ ಎಳೆದುಕೊಂಡು, ಹೊಸ ಪುಟ ತೆರೆದು, ಪೆನ್ನಿನ ಕ್ಯಾಪು ತೆಗೆದರು.

"ಏನಂತ ಬರೀಲ್ರಿ ಅಧ್ಯಕ್ಷರ?"

ಸುರಪುರದ ಬಸ್ಸು ಹೊರಗೆ ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು. ಶಾಂತಪ್ಪ ಗೋಡೆಯ ಸುತ್ತೋಲೆಯನ್ನು ನೋಡಿದ. ರೇವಣಸಿದ್ದ ತನ್ನ ಪೆನ್ನನ್ನು ಜೇಬಿಗೆ ಸೇರಿಸಿದ. ಪುಟ ಹಾಗೆಯೇ ಬಿಳಿಯಾಗಿತ್ತು. ಯಾರೂ ಕುಡಿಯಲಿಲ್ಲ, ಯಾರೂ ಕಾರಣ ಹೇಳಲೂ ಇಲ್ಲ. ನೋಡನೋಡುತ್ತ ಲೋಟಗಳಲ್ಲಿ ಮಜ್ಜಿಗೆ ತಳಕ್ಕೆ ಕೂತು, ಮೇಲೆ ತಿಳಿನೀರು ನಿಂತಿತು.

ಪ್ರತಿ ಸಲ ಬಾಟಲಿ ಇಟ್ಟ ಕೂಡಲೇ ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದ ಲಾಲಮ್ಮ ಇಂದು ಹೋಗಲಿಲ್ಲ. ಒಂದು ಚಮಚ ತೆಗೆದುಕೊಂಡು ಶಾಂತಪ್ಪನ ಬಳಿ ಬಂದಳು. ಅವನ ಲೋಟದೊಳಗೆ ಅದನ್ನು ಇಳಿಸಿ, ತಳದಲ್ಲಿ ಕೂತದ್ದೆಲ್ಲ ಮೇಲೆ ಬರುವಂತೆ ನಿಧಾನವಾಗಿ ತಿರುವಿದಳು. ಆಮೇಲೆ ರೇವಣಸಿದ್ದನ ಲೋಟಕ್ಕೆ ಹೋದಳು.