ಹೆಸರು ಹಿಡಿದು

“ಗಂಡಸರೆಲ್ಲಾ ಎದ್ದು ಆ ಕಡೀಗಿ ಹೋಗ್ರಿ. ನಿಮ್ಮ ನಿಮ್ಮ ಹೆಂಡತಿ ಬಾಜೂಕ ಕೂಡ್ರಿ,” ಎಂದರು ಬೀದರಿನಿಂದ ಬಂದಿದ್ದ ಪಾದ್ರಿಗಳು. ಹುಮನಾಬಾದಿನ ಆ ಚರ್ಚಿನಲ್ಲಿ ಇಂಥ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ. ಬಲಕ್ಕೆ ಗಂಡಸರ ಜಮಖಾನೆ, ಎಡಕ್ಕೆ ಹೆಂಗಸರದು, ನಡುವೆ ಒಂದು ಮಾರು ಬರಿ ನೆಲ. ತಮ್ಮ ಮದುವೆಯ ದಿನ ಬಿಟ್ಟರೆ ಗಂಡ ಹೆಂಡತಿ ಅಲ್ಲಿ ಜೊತೆಯಾಗಿ ಕೂತದ್ದೇ ಇಲ್ಲ. ಸಂಸಾರದ ಬಗ್ಗೆ ಬೋಧನೆ ಇದೆ ಎಂದಾಗ, ಪಾದ್ರಿಗಳು ಹೆಂಗಸರಿಗೇ ನಾಲ್ಕು ಬುದ್ಧಿಮಾತು ಹೇಳುತ್ತಾರೆಂದು ಗಂಡಸರು ಖುಷಿಯಾಗಿ ಬಂದಿದ್ದರು, ಪಾಪ.

“ದೇವರು ನಮಗ ಒಬ್ಬೊಬ್ಬರಿಗೂ ಹೆಸರು ಹಿಡಿದು ಕರೀತಾನ,” ಎಂದು ಪಾದ್ರಿಗಳು ಮುಂದುವರಿಸಿದರು. “ನೀವು ನೋಡಿದ್ರ ಹೆಂಡತಿಗಿ ‘ಏ’ ಅಂತೀರಿ, ‘ಇಕಿ’ ಅಂತೀರಿ. ಇವತ್ತ ಒಮ್ಮೆ ಹೆಸರು ಹಿಡಿದು ಕರೀರಿ. ಸಂಸಾರ ಗಟ್ಟಿ ಆಗೋದು ಇಲ್ಲಿಂದೇ ಸುರು.” ಊರಿನಲ್ಲಿ ಯಾರಿಗೂ ಹೆದರದ ನರಸಿಂಗ ಕಾಲೆಳೆಯುತ್ತ ಹೋಗಿ ಹೆಂಡತಿಯ ಪಕ್ಕ ಕೂತು, ನೆಲ ನೋಡುತ್ತ “ಯಶೋದಾ” ಎಂದ. “ಏನಂದ್ರಿ? ಇನ್ನೊಮ್ಮೆ ಅನ್ರಿ,” ಎಂದಳು ಯಶೋದಾಬಾಯಿ. ಮೊದಲ ಸಲವೇ ಚೆನ್ನಾಗಿ ಕೇಳಿತ್ತು ಅವಳಿಗೆ. ಇಪ್ಪತ್ತು ವರ್ಷಕ್ಕೆ ಸಿಕ್ಕ ಭಾಗ್ಯವನ್ನು ಒಂದೇ ಸಲಕ್ಕೆ ಬಿಡುವಾಕೆಯಲ್ಲ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

ಸುವಾರ್ತಮ್ಮ ಮಾತ್ರ ನಗಲಿಲ್ಲ. ಕಿಟಕಿಯ ಬಳಿ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತು, ಗಂಡಸರ ಮೂರನೆಯ ಸಾಲನ್ನೇ ನೋಡುತ್ತಿದ್ದಳು. ಅಲ್ಲಿ ಅವಳ ಗಂಡ ಮಡೆಪ್ಪ ಎದ್ದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವರಿಗೊಂದು ಹೆಣ್ಣು ಕೂಸು ಹುಟ್ಟಿ, ಒಂದು ದಿನವೂ ಉಳಿಯದೆ ಹೋಗಿತ್ತು. ಬಾಣಂತಿ ಜ್ವರದಲ್ಲಿ ಅವಳು ಮೈಮೇಲೆ ಎಚ್ಚರವಿಲ್ಲದೆ ದವಾಖಾನೆಯಲ್ಲಿ ಬಿದ್ದಿದ್ದಾಗ ಗಂಡನೇ ಕೂಸನ್ನು ಮಣ್ಣು ಮಾಡಿ ಬಂದಿದ್ದ. ಅವಳು ಮನೆಗೆ ಬಂದ ವಾರದೊಳಗೆ ಅವನು ಬಸವಕಲ್ಯಾಣದ ಪ್ರವಾಸಿ ಬಂಗಲೆಯಲ್ಲಿ ಚೌಕೀದಾರನಾಗಿ ಹೊರಟುಹೋದ. ಜಗಳವಿಲ್ಲ, ಬೈಗುಳವಿಲ್ಲ. ಕಲ್ಯಾಣದಲ್ಲೂ ಪ್ರಾರ್ಥನೆ ನಡೆಯುತ್ತದೆ. ಆದರೂ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಇಲ್ಲಿಗೇ ಬರುತ್ತಿದ್ದ, ಮೂರನೆಯ ಸಾಲಿನಲ್ಲಿ ಕೂತು ಅವಳನ್ನು ದೂರದಿಂದ ನೋಡಿ, ಮಾತಾಡದೆ ಹೋಗುತ್ತಿದ್ದ. ಒಮ್ಮೆ ಮನೆಯ ಕಡೆ ತಿರುಗಲಿ ಎಂದು ಅವಳು ಇನ್ನೂರು ಭಾನುವಾರ ಬೇಡಿಕೊಂಡಿದ್ದಳು. ಉಳಿಯದ ಕೂಸು ಹೆತ್ತವಳು ತಾನು, ಅದಕ್ಕೇ ಬೇಡವಾದೆ ಎಂದು ಒಳಗೊಳಗೇ ಬೆಂದಿದ್ದಳು.

“ಏ ಮಡೆಪ್ಪ, ಏಳಪಾ,” ಎಂದು ಯಾರೋ ನೂಕಿದರು. ಕೊನೆಗೆ ಎದ್ದ. ಒಂದು ಮಾರು ನೆಲ ದಾಟಲು ಎಷ್ಟು ಹೊತ್ತು ತೆಗೆದುಕೊಂಡನೋ! ಬಂದು ಒಂದು ಗೇಣು ಬಿಟ್ಟು ಕೂತ. ಬಂಗಲೆಯ ಫಿನಾಯಿಲ್ ವಾಸನೆ ಮೈಗೆ ಹತ್ತಿತ್ತು. ಬಿಳಿ ಅಂಗಿಯ ಗುಂಡಿಯನ್ನು ಕರಿ ದಾರದಿಂದ ತಾನೇ ಹೊಲಿದುಕೊಂಡಿದ್ದ.

“ಕರೀರಿ,” ಎಂದಳು ಸಣ್ಣಗೆ.

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

“ನನ್ನ ಹೆಸರ ಬಾಯಾಗ ಬರಬಾರದಂಥದ್ದು ಏನ್ ತಪ್ಪು ಮಾಡೀನ್ರಿ ನಾ?”

“ತಪ್ಪು ನಿಂದಲ್ಲ, ನಂದು.” ಅವನು ಜಮಖಾನೆಯ ಎಳೆ ಕೀಳತೊಡಗಿದ. “ಅವತ್ತ ಮಣ್ಣು ಕೊಡೋ ಮುಂದ ಹಳೀ ಪಾದ್ರಿಗಳು ಪುಸ್ತಕ ತಗದು, ಕೂಸಿನ ಹೆಸರೇನು ಅಂದ್ರು. ಹೆಸರೇ ಇಟ್ಟಿಲ್ಲ ಅಂತ ಹ್ಯಾಂಗ ಹೇಳ್ಲಿ? ಯಾರೂ ಇಲ್ಲದ ಕೂಸಿನಂಗ ಆಗ್ತದಲ್ಲ. ಆ ಹೊತ್ತಿನಾಗ ನನಗ ಒಂದೇ ಹೆಸರು ನೆನಪಿತ್ತು. ಅದನ್ನೇ ಹೇಳಿಬಿಟ್ಟೆ.”

“ಯಾವುದು?”

“ನಿಂದು.”

ಸುವಾರ್ತಮ್ಮ ಅವನ ಮುಖವನ್ನೇ ನೋಡಿದಳು.

“ನೀ ದವಾಖಾನ್ಯಾಗ ಸಾಯಾಕತ್ತಿದ್ದಿ. ನಾ ಇಲ್ಲಿ ನಿನ್ನ ಹೆಸರು ಸತ್ತವರ ಪುಸ್ತಕದಾಗ ಬರಿಸಿ, ಮಣ್ಣು ಹಾಕಿ ಬಂದೆ. ಜೀವಂತ ಹೆಂಡತಿಗಿ ಹೂಳಿದಂಗ ಆಯ್ತು. ಯಾವ ಮುಖ ಹೊತ್ತು ಮನಿಗಿ ಬರ್ಲಿ? ಆ ಹೆಸರು ಮತ್ತ ನನ್ನ ಬಾಯಾಗ ಬಂದ್ರ ನಿನಗ ಏನಾರ ಆದೀತು ಅಂತ ಅಂಜಿಕಿ. ಅದಕ್ಕ ವಾರಕ್ಕೊಮ್ಮೆ ಬಂದು, ಬದುಕೀದಿ ಅಂತ ನೋಡಿ ಹೋಗಾಕತ್ತೇನಿ.”

ಅಳು ಬಂತು ಅವಳಿಗೆ. ಅದರ ಬೆನ್ನಿಗೇ, ಈ ಹುಚ್ಚು ಗಂಡನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ನಾಲ್ಕು ವರ್ಷ ಕೂಸು, ಕೂಸು ಎಂದಷ್ಟೇ ಅತ್ತಿದ್ದಳು. ಕರೆದು ಅಳಲು ಒಂದು ಹೆಸರಿದೆ ಎಂದು ಯಾರೂ ಹೇಳಿರಲಿಲ್ಲ.

“ಎಲ್ಲಾರ್ದೂ ಆಯ್ತೇನು? ಗಂಡಸರು ವಾಪಸ್ ಬರ್ರಿ,” ಎಂದರು ಪಾದ್ರಿಗಳು. ಬದುಕಿದೆವಪ್ಪಾ ಎಂದು ಗಂಡಸರೆಲ್ಲ ದಡಬಡಿಸಿ ಎದ್ದರು. ಮಡೆಪ್ಪನೂ ಏಳಲು ಹೋದ. ಸುವಾರ್ತಮ್ಮ ನಾಲ್ಕು ಜನರೆದುರೇ ಅವನ ತೋಳು ಹಿಡಿದು ಎಳೆದು ಕೂರಿಸಿದಳು.

“ಒಮ್ಮೆ ಜೋರಲೇ ಕರೀರಿ,” ಎಂದಳು. “ತಾಯಿ ಮಗಳು ನಮ್ಮಿಬ್ಬರಾಗ ಯಾರು ಓ ಅಂತೀವಿ ನೋಡೋಣು.”