ಸೂಲಗಿತ್ತಿಯ ಹೆಬ್ಬೆಟ್ಟು

"ಸುಳ್ಳ ಹೇಳಿದ್ರ ನಿನ್ನೂ ಲಾರಿ ಹತ್ತಿಸ್ತೀನಿ," ಚನ್ನಬಸವಣ್ಣ ಬೆತ್ತದಿಂದ ಚಾವಡಿಯ ಕಟ್ಟೆಗೆ ಬಡಿದ. "ಹೇಳು, ಇಂವ ಹುಟ್ಟಿದ್ದೆಲ್ಲಿ?"

ಮುದುಕಿ ಮೋತಿಬಿ ಎದುರಿಗೆ ನಿಂತಿದ್ದ ತಿರಕಪ್ಪನನ್ನು ನೋಡಿದಳು. ಅವನು ಕಣ್ಣಿನಲ್ಲೇ ಬೇಡಿಕೊಂಡ.

"ಕುಕನೂರಾಗ್ರಿ. ಕಾಲ ಮುಂದಾಗಿ ಬಂದಿದ್ದ."

"ನಿನ್ನ ಬಾಯಾಗ ಹುಳಾ ಬೀಳಲಿ!" ತಿರಕಪ್ಪ ಮಡಚಿದ ಕಾಗದವೊಂದನ್ನು ಬಿಚ್ಚಿದ. "ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಡೋಣ್ಯಾಗ ಮಣ್ಣಾಗ್ಯಾರ. ಶಾಲಿ ದಾಖಲಿ ನೋಡ್ರಿ, ಡೋಣಿ ಅಂತ ಬರದೈತಿ."

"ನಿಮ್ಮವ್ವನ ಹೆರಗಿ ಶಾಲಿ ಮಾಸ್ತರ ಮಾಡಿಸಿದ್ನೇನಲೇ?" ಚನ್ನಬಸವಣ್ಣ ಕೇಳಿದ.

ಕಟ್ಟೆಯ ಮೇಲಿದ್ದವರು ನಕ್ಕರು. ಮೋತಿಬಿ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ದಫ್ತರದಲ್ಲಿ ಒತ್ತಿದಳು. ತಿರಕಪ್ಪನ ಹೆಸರು ಪಟ್ಟಿಗೆ ಸೇರಿತು.

ಅದು ನಲವತ್ತೆಂಟರ ಮುಂಗಾರು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದರೂ ನಿಜಾಮನ ಸೀಮೆಗೆ ಬಂದಿರಲಿಲ್ಲ. ಆ ಸೀಮೆಗೆ ಗಡಿಯ ಈಚೆಗಿದ್ದ ಡೋಣಿಯವರು ಮೊಗಲಾಯಿ ಎನ್ನುತ್ತಿದ್ದರು. ಮೊನ್ನೆಮೊನ್ನೆಯವರೆಗೆ ಅಲ್ಲಿಂದ ಹೆಣ್ಣು ತಂದವರು ಈಗ ಆ ಹೆಸರು ಕೇಳಿದರೆ ಉಗುಳುತ್ತಿದ್ದರು. ರಜಾಕಾರರ ಬೇಹಿನವರು ನುಸುಳುತ್ತಿದ್ದಾರೆಂದು ಗುಲ್ಲೆದ್ದಿತ್ತು. ಮೊಗಲಾಯಿಯಲ್ಲಿ ಹುಟ್ಟಿದವರ ಪಟ್ಟಿ ಮಾಡಿ, ಉಳಿದವರಿಗೆ ವಾಸದ ಚೀಟಿ ಕೊಡಬೇಕೆಂದು ಅಪ್ಪಣೆ ಬಂತು. ಪಟ್ಟಿಯಲ್ಲಿದ್ದವರನ್ನು ಸೋಮವಾರ ಲಾರಿ ಗಡಿಯಾಚೆ ಬಿಟ್ಟು ಬರುವುದು.

ಚನ್ನಬಸವಣ್ಣ ಹಂಗಾಮಿ ಕಾರಕೂನ. ಪಟ್ಟಿ ಬಿಗಿಯಾಗಿದ್ದರೆ ನೌಕರಿ ಕಾಯಂ ಎಂದು ತಾಲೂಕಿನ ಸಾಹೇಬರು ಹೇಳಿದ್ದರು. ಅವನು ಬಿಗಿ ಮಾಡಿದ. ದಫ್ತರದ ಮೊದಲ ಪುಟದಲ್ಲಿ ದುಂಡಗೆ ಬರೆದ: ಸೂಲಗಿತ್ತಿಯ ಹೆಬ್ಬೆಟ್ಟಿಲ್ಲದೆ ಯಾರ ಜನ್ಮಸ್ಥಳವನ್ನೂ ನಂಬತಕ್ಕದ್ದಲ್ಲ.

ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಈ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಡೋಣಿಯ ಎಷ್ಟೋ ಸೊಸೆಯಂದಿರಿಗೆ ಮೊಗಲಾಯಿಯ ಕುಕನೂರೇ ತವರು. ಅಲ್ಲಿ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು ಮೋತಿಬಿ. ಯಾವ ಕೂಸು ಹೇಗೆ ಹೊರಬಂತೆಂಬುದನ್ನೂ ಮರೆತಿರಲಿಲ್ಲ. "ನನ್ನ ಕೈಯಾಗ ಹುಟ್ಟಿಲ್ಲ" ಎಂದು ಅವಳು ಹೆಬ್ಬೆಟ್ಟು ಒತ್ತಿದರೆ ಚೀಟಿ. "ಹುಟ್ಯಾನ" ಎಂದರೆ ಲಾರಿ.

ಅವಳೇ ತಾನಾಗಿ ಬಂದು ಅವನ ಕೈಗೆ ಸಿಕ್ಕಿದ್ದಳು. ಮಗಳು ಗುಲಾಬಬಿಯನ್ನು ಡೋಣಿಗೆ ಕೊಟ್ಟಿದ್ದಳು. ಮಗಳಿಗೆ ಮೊದಲ ಬಸಿರು, ದಿನ ತುಂಬುತ್ತ ಬಂದಿದ್ದವು. ಗಡಿ ಮುಚ್ಚಿದ್ದರಿಂದ ಮಗಳು ತವರಿಗೆ ಹೋಗುವಂತಿರಲಿಲ್ಲ. ತಾಯಿಯೇ ಹೊಲಗಳಲ್ಲಿ ಹಾದು ಕದ್ದು ಗಡಿ ದಾಟಿ ಬಂದಳು.

"ಹೆರಗಿ ಆಗೂತನಕ ಒಂದ ಚೀಟಿ ಕೊಡ್ರಿ. ಆಮ್ಯಾಲೆ ನಾನಾಗೇ ಹೊಕ್ಕೀನಿ."

"ಕೊಡ್ತೀನಿ. ಆದ್ರ ಸುಳ್ಳ ಹೇಳಿ ಒಂದ ಖೊಟ್ಟಿ ಹೆಬ್ಬೆಟ್ಟ ಬಿತ್ತಂದ್ರ ಚೀಟಿ ಇಲ್ಲ. ನೆಪ್ಪಿರಲಿ."

ಹದಿನೈದು ದಿನ ಅವಳು ಕಟ್ಟೆಯ ಮೇಲೆ ಕುಳಿತು ಖರೆ ಹೇಳಿದಳು. ಹಾದಿಯಲ್ಲಿ ಹೆಂಗಸರು ಅವಳ ಮೈಮೇಲೆ ಮಣ್ಣು ತೂರಿದರು. ಚನ್ನಬಸವಣ್ಣ ಪಟ್ಟಿಯ ಕಟ್ಟಕಡೆಯ ಪುಟದಲ್ಲಿ ಅವಳ ಹೆಸರನ್ನು ಮೊದಲ ದಿನವೇ ಬರೆದಿಟ್ಟಿದ್ದ. ಕೆಲಸ ಮುಗಿದ ಮೇಲೆ ಮುದುಕಿಯಿಂದ ಏನಾಗಬೇಕು?

ಮಗಳ ಮನೆ ಬಿಟ್ಟರೆ ಅವಳಿಗೆ ಅನ್ನ ಹಾಕುತ್ತಿದ್ದವಳು ಒಬ್ಬಳೇ, ಚನ್ನಬಸವಣ್ಣನ ತಾಯಿ ಸಾವಂತ್ರೆವ್ವ. ಮನೆ ಚಾವಡಿಯ ಎದುರಿಗೇ ಇತ್ತು. ರೊಟ್ಟಿ ಬಡಿಯುವ ಸದ್ದು ಕಟ್ಟೆಗೆ ಕೇಳುತ್ತಿತ್ತು. ಮಧ್ಯಾಹ್ನ ಎರಡು ರೊಟ್ಟಿ, ಪುಂಡಿಪಲ್ಲೆ ಯಾರ ಕೈಯಲ್ಲಾದರೂ ಬರುತ್ತಿದ್ದವು. ಪ್ಲೇಗಿನಲ್ಲಿ ತವರು ಅಳಿದ ಮೇಲೆ ಅದರ ಮಾತನ್ನೇ ಎತ್ತದ ಹೆಂಗಸು ಅವಳು. ತಾನು ಮಾತ್ರ ಹೊಸಿಲು ದಾಟುತ್ತಿರಲಿಲ್ಲ.

"ಆ ಮೊಗಲಾಯಿ ಮುದುಕಿಗೆ ಯಾಕಬೇ ರೊಟ್ಟಿ?" ಮಗ ರೇಗಿದ.

"ಇರಲಿ ಬಿಡಪಾ. ಹಸದ ಬಾಯಿ, ಏನಾರ ಅಂದೀತು."

ಶಾಪಕ್ಕೆ ಹೆದರುತ್ತಾಳೆಂದು ಅವನು ನಕ್ಕಿದ್ದ.

ಸೋಮವಾರ ಸಾಹೇಬರು ಬಂದರು. ಹಿಂದೆಯೇ ಲಾರಿ ಬಂತು. ತಿರಕಪ್ಪ ಮೊದಲಾಗಿ ಮೂವತ್ತೊಂದು ಜನ ಗಂಟುಮೂಟೆಗಳೊಡನೆ ಹತ್ತಿ ಕುಳಿತರು. ಗಂಡಸರು ಬೈಯುತ್ತಿದ್ದರು. ಇಳಿಯಹೋದವರನ್ನು ಪೊಲೀಸರು ಲಾಠಿಯಿಂದ ಹಿಂದಕ್ಕೆ ತಳ್ಳುತ್ತಿದ್ದರು.

ಸಾಹೇಬರು ದಫ್ತರದ ಮೊದಲ ಪುಟವನ್ನು ಎರಡು ಸಲ ಓದಿದರು. "ಶಾಬಾಸ್! ನೌಕರಿ ಕಾಯಂ ಅಂತ ತಿಳೀರಿ. ನಿಮ್ಮ ಜನ್ಮಸ್ಥಳ ಒಂದ ಬರೀಬೇಕು, ಅಷ್ಟ."

ಚನ್ನಬಸವಣ್ಣ ತನ್ನ ಶಾಲೆಯ ದಾಖಲೆ ತೆಗೆದ. ಡೋಣಿ ಎಂದು ಬರೆದಿತ್ತು.

"ನಿಮ್ಮ ಕಾಯ್ದೆ ನೀವ ಮುರೀತೀರೇನು?" ಸಾಹೇಬರು ನಕ್ಕರು. "ಹೆಬ್ಬೆಟ್ಟ ಒತ್ತಿಸ್ರಿ. ಚಂದ ಕಾಣತೈತಿ."

ಅವನೂ ನಕ್ಕ. ಹೊಸ ಸಾಲಿನಲ್ಲಿ ತನ್ನ ಹೆಸರು, ಮುಂದೆ 'ಇವಳ ಕೈಯಲ್ಲಿ ಹುಟ್ಟಿಲ್ಲ' ಎಂದು ಬರೆದು ದಫ್ತರವನ್ನು ಮುದುಕಿಯ ಮುಂದೆ ನೂಕಿದ. "ಒತ್ತು ಜಲ್ದಿ."

ಮೋತಿಬಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಒತ್ತಂದ್ರ!"

"ಒಲ್ಲೆರಿ. ಚೀಟಿ ಹೋಗತೈತಿ."

ಎದುರು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಖೊಟ್ಟಿ ಹೆಬ್ಬೆಟ್ಟ ಬಿದ್ರ ಚೀಟಿ ಇಲ್ಲ ಅಂತ ಇವರ ಹೇಳ್ಯಾರ್ರೀ," ಮೋತಿಬಿ ಸಾಹೇಬರ ಕಡೆ ತಿರುಗಿದಳು. "ಸಾವಂತ್ರೆವ್ವನ ರೊಟ್ಟಿ ತಿಂದೀನಿ, ಕೇಳದಿದ್ರ ನಾನೂ ಬಾಯಿ ಬಿಡ್ತಿರಲಿಲ್ಲ. ಕುಕನೂರಾಗ ಎರಡ ದಿನಾ ತ್ರಾಸ ತಿಂದಳ್ರಿ ಆಕಿ. ಇವರ ಕೊರಳಿಗೆ ಹೊಕ್ಕಳಬಳ್ಳಿ ಸುತಗೊಂಡಿತ್ತು. ಬಿಡಿಸಿ, ಬೆನ್ನ ತಟ್ಟಿ ಅಳಿಸಿದಾಕಿ ನಾನ."

ಲಾರಿಯಲ್ಲಿ ತಿರಕಪ್ಪ ಗಹಗಹಿಸಿ ನಕ್ಕ.

ಸಾಹೇಬರು ನಗಲಿಲ್ಲ. ಪಟ್ಟಿಯ ಕೊನೆಯ ಪುಟ ತೆರೆದರು. ಮೋತಿಬಿಯ ಹೆಸರಿನ ಕೆಳಗೆ ಇನ್ನೊಂದು ಹೆಸರು ಹಿಡಿಯುವಷ್ಟು ಜಾಗವಿತ್ತು.